ಒಂದೇ ರಾತ್ರಿ ಎಂಟು ಟೂರ್ನಿ

(ವಿರಾಜಪೇಟೆಯಲ್ಲಿ ಗಣಿತ ವಿದ್ಯಾರ್ಥಿಗಳು ಮತ್ತು ಆಸಕ್ತರ ಎದುರು ಆಡಿದ ಮಾತುಗಳ ಬರಹ ರೂಪ)

ಪೋಕರ್ ಎಂಬ ಇಸ್ಪೀಟಾಟವನ್ನು ಆನ್‌ಲೈನ್‌ನಲ್ಲಿ ಒಟ್ಟಿಗೆ ಹತ್ತು ಟೇಬಲ್ ಆಡುತ್ತೇನೆ ಎಂದು ಯಾರಾದರೂ ಎದೆಯುಬ್ಬಿಸಿ ಹೇಳಿದರೆ ನಾನು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಗಂಟೆಗೆ? ಸಂಜೆ ಏಳಕ್ಕೆ ಹತ್ತು ಟೇಬಲ್ ಆಡುವುದು ಅಂಥ ಕಷ್ಟವೇನಲ್ಲ. ರಾತ್ರಿ ಒಂಬತ್ತೂವರೆಗೆ ಆ ಹತ್ತರಲ್ಲಿ ನಾಲ್ಕು ಉಳಿದಿದ್ದರೂ ಸಾಕು, ಬೆವರು ಇಳಿಯುತ್ತದೆ. ಈ ಏಳು ಗಂಟೆಗೂ ಒಂಬತ್ತೂವರೆಗೂ ನಡುವೆ ಏನಾಗುತ್ತದೆ ಎಂಬುದೇ ಇವತ್ತಿನ ನನ್ನ ವಿಷಯ.

ಅದಕ್ಕೂ ಮೊದಲು ಕಾನೂನಿನ ಮಾತು ಮುಗಿಸಿಬಿಡುತ್ತೇನೆ. ಹಣ ಕಟ್ಟಿ ಆಡುವ ಆನ್‌ಲೈನ್ ಪೋಕರ್‌ಗೆ ನಮ್ಮ ದೇಶದಲ್ಲಿ ಈಗ ಅವಕಾಶವಿಲ್ಲ. ಆನ್‌ಲೈನ್ ಹಣದಾಟಗಳನ್ನು ನಿಷೇಧಿಸುವ ಮಸೂದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದರ ಬೆನ್ನಿಗೇ ದೊಡ್ಡ ಆ್ಯಪ್‌ಗಳು ಹಣದ ಟೇಬಲ್‌ಗಳನ್ನು ಎತ್ತಿಬಿಟ್ಟವು. ಕೌಶಲದ ಆಟವೋ ಅದೃಷ್ಟದ ಆಟವೋ ಎಂದು ಕೋರ್ಟುಗಳಲ್ಲಿ ವರ್ಷಗಟ್ಟಲೆ ನಡೆದ ವಾದಕ್ಕೆ ಆ ಕಾಯ್ದೆಯಲ್ಲಿ ಬೆಲೆಯಿಲ್ಲ. ಹಣ ಕಟ್ಟಿಸಿಕೊಂಡರೆ ಎರಡೂ ಒಂದೇ. ಆಡಿಸಿದವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿವರೆಗೆ ದಂಡ, ಆಡಿದವರಿಗೆ ಶಿಕ್ಷೆಯಿಲ್ಲ. ನಮ್ಮ ರಾಜ್ಯವೇ 2021ರ ಅಕ್ಟೋಬರ್‌ನಲ್ಲಿ ಇಂಥದೊಂದು ನಿಷೇಧ ತಂದಿತ್ತು, 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದನ್ನು ತಳ್ಳಿಹಾಕಿತ್ತು, ಹಿರಿಯರಿಗೆ ನೆನಪಿರಬಹುದು. ನಾನು ಹೇಳುವುದು ಆಡಲು ಅವಕಾಶವಿದ್ದ ವರ್ಷಗಳ ಅನುಭವ. ಈಗ ಇದರ ಉಪಯೋಗವೇನು ಎಂದು ಕೇಳಿದರೆ, ಸಂಭವನೀಯತೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ನಿಮ್ಮ ಮೇಷ್ಟ್ರು ನನ್ನನ್ನು ಕರೆದದ್ದೂ ಅದಕ್ಕೇ.

ಆಟ ಗೊತ್ತಿಲ್ಲದವರಿಗಾಗಿ ಎರಡೇ ಮಾತು. ಪ್ರತಿಯೊಬ್ಬನಿಗೂ ಎರಡು ಎಲೆ, ಎಲ್ಲರಿಗೂ ಸೇರಿ ನಡುವೆ ಐದು ಎಲೆ. ಒಮ್ಮೆ ಎಲೆ ಹಂಚಿ ಆಡಿ ಮುಗಿಸುವುದಕ್ಕೆ ಒಂದು ಕೈ ಎನ್ನುತ್ತಾರೆ. ಪ್ರತಿ ಕೈಯಲ್ಲೂ ಇಬ್ಬರು ಎಲೆ ನೋಡುವ ಮೊದಲೇ ಚಿಪ್ಸ್ ಎಂಬ ಪಣದ ಬಿಲ್ಲೆ ಹಾಕಬೇಕು, ಅದಕ್ಕೆ ಬ್ಲೈಂಡ್ ಎನ್ನುತ್ತಾರೆ. ದೊಡ್ಡದೊಂದು, ಅದರ ಅರ್ಧದ ಚಿಕ್ಕದೊಂದು. ಟೂರ್ನಿಯಲ್ಲಿ ಎಲ್ಲರೂ ಒಂದೇ ಪ್ರವೇಶ ಶುಲ್ಕ ಕೊಟ್ಟು ಒಂದೇ ಪ್ರಮಾಣದ ಚಿಪ್ಸ್ ಪಡೆಯುತ್ತಾರೆ. ಬ್ಲೈಂಡ್ ಐದು ಅಥವಾ ಹತ್ತು ನಿಮಿಷಕ್ಕೊಮ್ಮೆ ಏರುತ್ತಲೇ ಹೋಗುತ್ತದೆ. ಚಿಪ್ಸ್ ಖಾಲಿಯಾದವನು ಹೊರಗೆ. ಕೊನೆಯವರೆಗೆ ಉಳಿದವನು ಗೆದ್ದ.

ನಾಕೌಟ್ ಎಂದರೇನು ಎಂದು ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ 60 ಕುಟುಂಬಗಳೊಂದಿಗೆ ಶುರುಮಾಡಿದ ಹಾಕಿ ಉತ್ಸವ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳವರೆಗೆ ಬೆಳೆಯಿತು. 360 ತಂಡ ಎಂದರೆ ಒಂಬತ್ತು ಸುತ್ತು. ಯಾವ ಕುಟುಂಬ ಯಾವ ದಿನ, ಎಷ್ಟು ಹೊತ್ತಿಗೆ ಮೈದಾನಕ್ಕೆ ಇಳಿಯಬೇಕು ಎಂದು ಸಂಘಟಕರು ಮೊದಲೇ ಪಟ್ಟಿ ಹಾಕಿರುತ್ತಾರೆ. ಒಬ್ಬನೇ ಆಟಗಾರ ಒಂದೇ ಹೊತ್ತಿಗೆ ಎರಡು ಪಂದ್ಯದಲ್ಲಿ ಸಿಕ್ಕಿಹಾಕಿಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ. ಪೋಕರ್ ಟೂರ್ನಿಯಲ್ಲಿ ಆ ಪಟ್ಟಿ ಇರುವುದಿಲ್ಲ. ಮೊದಲ ಕೈಯಲ್ಲೇ ಹೊರಬಿದ್ದು ಊಟಕ್ಕೆ ಏಳಬಹುದು, ನಡುರಾತ್ರಿ ದಾಟಿಯೂ ಕುಳಿತಿರಬಹುದು. ಒಂದು ಟೂರ್ನಿ ಮಾತ್ರ ಆಡುವವನಿಗೆ ಇದು ಕುತೂಹಲ. ಎಂಟು ಆಡುವವನಿಗೆ ಇದೇ ತಲೆನೋವು, ಏಕೆಂದರೆ ಆ ಪಟ್ಟಿಯನ್ನು ಅವನೇ ಹಾಕಿಕೊಳ್ಳಬೇಕು.

ಮೊದಲು ವೇಗದ ಲೆಕ್ಕ. ಕ್ಲಬ್ಬಿನಲ್ಲಿ ಎಲೆ ಕಲಸಿ ಹಂಚಿ ಆಡುವ ಪೋಕರ್‌ನಲ್ಲಿ ಗಂಟೆಗೆ 25ರಿಂದ 30 ಕೈ ಆದರೆ ಹೆಚ್ಚು. ಆನ್‌ಲೈನ್‌ನಲ್ಲಿ ಒಂಬತ್ತು ಮಂದಿಯ ಟೇಬಲ್ ಗಂಟೆಗೆ ಸುಮಾರು 60 ಕೈ ಮುಗಿಸುತ್ತದೆ. ಎಂಟು ಟೇಬಲ್ ಎಂದರೆ 480, ನಿಮಿಷಕ್ಕೆ ಎಂಟು. ಕೇಳಿದರೆ ಹುಚ್ಚಾಟ ಅನ್ನಿಸುತ್ತದೆ. ಆದರೆ ಟೂರ್ನಿಯ ಆರಂಭದಲ್ಲಿ ಶಿಸ್ತಿನ ಆಟಗಾರ ಐದರಲ್ಲಿ ನಾಲ್ಕು ಕೈಯನ್ನು ನೋಡಿದ ಕೂಡಲೇ ಬಿಸಾಡುತ್ತಾನೆ, ಫೋಲ್ಡ್ ಮಾಡುತ್ತಾನೆ. ಯೋಚನೆ ಬೇಡುವ ಕೈ ನಿಮಿಷಕ್ಕೆ ಒಂದೋ ಎರಡೋ. ಅವುಗಳಲ್ಲೂ ಹೆಚ್ಚಿನವು ಸಣ್ಣ ವ್ಯವಹಾರ, ಏಕೆಂದರೆ ನಿಮ್ಮ ಬಳಿ ದೊಡ್ಡ ಬ್ಲೈಂಡಿನ ನೂರು ಪಟ್ಟು ಚಿಪ್ಸ್ ಇದೆ. ಒಂದು ತಪ್ಪಿದರೂ ಕೊಚ್ಚಿಹೋಗುವುದಿಲ್ಲ. ಏಳು ಗಂಟೆಗೆ ಹತ್ತು ಟೇಬಲ್ ಸುಲಭ ಎಂದದ್ದು ಈ ಅರ್ಥದಲ್ಲಿ.

ಹೊತ್ತು ಕಳೆದಂತೆ ಎರಡು ಸಂಗತಿ ಬದಲಾಗುತ್ತವೆ. ಬ್ಲೈಂಡ್ ಏರಿ ನಿಮ್ಮ ನೂರು ಪಟ್ಟು ಇಪ್ಪತ್ತಕ್ಕೋ ಹತ್ತಕ್ಕೋ ಇಳಿಯುತ್ತದೆ, ಆಗ ಒಂದೊಂದು ನಿರ್ಧಾರದಲ್ಲೂ ಇಡೀ ಟೂರ್ನಿ ಪಣಕ್ಕಿರುತ್ತದೆ. ಜೊತೆಗೆ ಟೇಬಲ್‌ನಲ್ಲಿ ಜನ ಕಡಿಮೆಯಾದಷ್ಟೂ ನೀವು ಆಡಲೇಬೇಕಾದ ಕೈ ಹೆಚ್ಚುತ್ತದೆ. ಒಂಬತ್ತು ಮಂದಿಯಿದ್ದಾಗ ಒಂಬತ್ತು ಕೈಯಲ್ಲಿ ಎರಡು ಸಲ ಮಾತ್ರ ಬ್ಲೈಂಡ್ ನಿಮ್ಮದು. ಇಬ್ಬರೇ ಉಳಿದಾಗ ಪ್ರತಿ ಕೈಯಲ್ಲೂ ಒಂದಲ್ಲ ಒಂದು ಬ್ಲೈಂಡ್ ನಿಮ್ಮದೇ, ಗಂಟೆಗೆ ಬರುವ ಕೈಗಳ ಸಂಖ್ಯೆಯೂ ದುಪ್ಪಟ್ಟು ಮೀರುತ್ತದೆ. ಕೊನೆಯ ಇಬ್ಬರ ಆ ಒಂದು ಟೇಬಲ್, ಆರಂಭದ ಏಳೆಂಟು ಟೇಬಲ್‌ಗಳಷ್ಟು ಗಮನ ತಿನ್ನುತ್ತದೆ. ಪರದೆಯ ಮೇಲೆ ಎರಡೂ ಒಂದೇ ಅಳತೆಯ ಕಿಟಕಿಗಳು, ಅದೇ ಮೋಸ.

ಹಾಗಾದರೆ ಯಾವ ಟೂರ್ನಿ ಯಾವಾಗ ಬಿಗಿಯಾಗುತ್ತದೆ ಎಂದು ಮೊದಲೇ ತಿಳಿಯಲು ಸಾಧ್ಯವೇ? ಹೆಚ್ಚುಕಡಿಮೆ ಸಾಧ್ಯ. ಇದನ್ನು ಮಾತ್ರ ದಯವಿಟ್ಟು ಕಾಗದದಲ್ಲಿ ಬರೆದುಕೊಳ್ಳಿ.

ಸಾವಿರ ಜನ, ಒಬ್ಬೊಬ್ಬರಿಗೆ 10,000 ಚಿಪ್ಸ್ ಎಂದಿಟ್ಟುಕೊಳ್ಳಿ. ಒಟ್ಟು ಒಂದು ಕೋಟಿ. ಈ ಒಂದು ಕೋಟಿ ಎಲ್ಲಿಗೂ ಹೋಗುವುದಿಲ್ಲ, ಕೈ ಬದಲಾಯಿಸುತ್ತದೆ ಅಷ್ಟೇ. ಬ್ಲೈಂಡ್ ಏರುತ್ತ ಏರುತ್ತ ಈ ಒಟ್ಟು ಚಿಪ್ಸ್ ದೊಡ್ಡ ಬ್ಲೈಂಡಿನ ಐವತ್ತು ಪಟ್ಟಿನ ಆಸುಪಾಸಿಗೆ ಇಳಿದಾಗ ಟೂರ್ನಿಗೆ ಹೆಚ್ಚು ಆಯುಸ್ಸು ಇರುವುದಿಲ್ಲ. ಅಂದರೆ ಬ್ಲೈಂಡ್ 2 ಲಕ್ಷ ಮುಟ್ಟಿದಾಗ. ಬ್ಲೈಂಡ್ 100ರಿಂದ ಶುರುವಾಗಿ, ಸಾಮಾನ್ಯ ಪಟ್ಟಿಗಳಲ್ಲಿ ಇರುವಂತೆ, ಹತ್ತು ಹಂತಕ್ಕೆ ಹತ್ತು ಪಟ್ಟಾಗುತ್ತದೆ ಎನ್ನೋಣ. 100ರಿಂದ 2 ಲಕ್ಷಕ್ಕೆ 2000 ಪಟ್ಟು. 2000ದ ಲಾಗರಿದಮ್ 3.3, ಆದ್ದರಿಂದ 33 ಹಂತ. ಹಂತಕ್ಕೆ ಹತ್ತು ನಿಮಿಷವಾದರೆ ಐದೂವರೆ ಗಂಟೆ, ಗಂಟೆಗೆ ಐದು ನಿಮಿಷದ ವಿರಾಮ ಸೇರಿಸಿದರೆ ಆರು ಗಂಟೆಯ ಹತ್ತಿರ. ಸಂಜೆ ಏಳಕ್ಕೆ ಶುರುವಾದದ್ದು ರಾತ್ರಿ ಒಂದಕ್ಕೆ ಮುಗಿಯುತ್ತದೆ. ಹಂತಕ್ಕೆ ಐದೇ ನಿಮಿಷದ ಟರ್ಬೊ ಆದರೆ ಎರಡೂ ಮುಕ್ಕಾಲು ಗಂಟೆ ಚಿಲ್ಲರೆ. ರಾತ್ರಿ ಹತ್ತಕ್ಕೆ ಶುರುವಾದ ಟರ್ಬೊ ಕೂಡ ಮುಗಿಯುವುದು ಒಂದಕ್ಕೇ. ಮೂರು ಗಂಟೆ ಅಂತರದಲ್ಲಿ ಹೆಸರು ಕೊಟ್ಟ ಎರಡು ಟೂರ್ನಿ ಒಂದೇ ಹೊತ್ತಿಗೆ ಕೊನೆ ಮುಟ್ಟುತ್ತವೆ. ಹೆಸರು ಕೊಡುವಾಗ ಯಾರೂ ಇದನ್ನು ನೋಡುವುದಿಲ್ಲ. ಆರಂಭದ ಸಮಯ ಮಾತ್ರ ನೋಡುತ್ತಾರೆ.

ಎರಡರಲ್ಲೂ ಫೈನಲ್ ಟೇಬಲ್ ಸೇರುವ ಭಾಗ್ಯ ಎಷ್ಟು ಜನಕ್ಕೆ ಎಂದು ನೀವು ನಗಬಹುದು. ಸರಿ, ಅದು ಅಪರೂಪ. ಬಬಲ್ ಹಾಗಲ್ಲ, ಅದರ ಡಿಕ್ಕಿ ದಿನವೂ ಆಗುತ್ತದೆ. ಸಾವಿರ ಜನರಲ್ಲಿ 150 ಮಂದಿಗೆ ಬಹುಮಾನ ಎಂದರೆ 151ನೆಯವನಿಗೆ ಸೊನ್ನೆ. ಆ ಗಡಿಯ ಹೊತ್ತಿಗೆ ಬಬಲ್ ಎನ್ನುತ್ತಾರೆ. ಆಗ ಒಬ್ಬೊಬ್ಬನ ಸರಾಸರಿ ಚಿಪ್ಸ್ 66,000 ದಾಟಿರುತ್ತದೆ. ಬ್ಲೈಂಡ್ 2500ರ ಆಸುಪಾಸು, ಅಂದರೆ 14 ಹಂತ. ಮೊದಲಿನ ಲೆಕ್ಕವನ್ನೇ ಹಾಕಿ: ಏಳು ಗಂಟೆಯ ಟೂರ್ನಿಗೆ ಬಬಲ್ ಬರುವುದು ಒಂಬತ್ತೂವರೆಗೆ. ಎಂಟೂಕಾಲಿಗೆ ಶುರುವಾದ ಟರ್ಬೊಗೂ ಒಂಬತ್ತೂವರೆಗೇ.

ಆ ಒಂಬತ್ತೂವರೆಯ ಒಂದು ಕ್ಷಣವನ್ನು ಬಿಡಿಸಿ ನೋಡೋಣ. ನಾಲ್ಕು ಕಿಟಕಿ ಒಟ್ಟಿಗೆ ಮಿನುಗಿ ಸದ್ದು ಮಾಡುತ್ತಿವೆ, ಒಂದೊಂದಕ್ಕೂ ಹದಿನೈದು ಸೆಕೆಂಡ್. ಮೊದಲನೆಯದು ಏಳು ಗಂಟೆಯ ಟೂರ್ನಿ, ಪ್ರವೇಶ 2000 ರೂಪಾಯಿ, ಉಳಿದವರು 152. ನೀವು ದೊಡ್ಡ ಬ್ಲೈಂಡ್, ಇಪ್ಪತ್ತು ಪಟ್ಟು ಚಿಪ್ಸ್ ಇದೆ. ಎಲ್ಲರೂ ಬಿಟ್ಟ ಮೇಲೆ ಚಿಕ್ಕ ಬ್ಲೈಂಡಿನಲ್ಲಿ ಕುಳಿತ ದೊಡ್ಡ ಕುಳ ಆಲ್-ಇನ್ ಎಂದಿದ್ದಾನೆ, ಅಂದರೆ ಇದ್ದ ಚಿಪ್ಸನ್ನೆಲ್ಲ ಪಣಕ್ಕೆ ತಳ್ಳಿದ್ದಾನೆ. ನಿಮ್ಮ ಕೈಯಲ್ಲಿ ರಾಜ ಮತ್ತು ಹತ್ತು. ಎರಡನೆಯದು 500 ರೂಪಾಯಿಯ ಟರ್ಬೊ. ಏಳು ಪಟ್ಟು ಚಿಪ್ಸ್, ಎಕ್ಕ ಮತ್ತು ನಾಲ್ಕು, ಮೊದಲು ಮಾತಾಡುವವರೆಲ್ಲ ಬಿಟ್ಟಿದ್ದಾರೆ, ಸರದಿ ನಿಮ್ಮದು. ಮೂರನೆಯದು ಈಗಷ್ಟೇ ಶುರುವಾದ ಟೂರ್ನಿ; ಏಳರ ಜೋಡಿ ಹಿಡಿದು ಕುಳಿತಿದ್ದಿರಿ, ನಡುವೆ ಬಿದ್ದ ಮೂರು ಎಲೆಗಳಲ್ಲಿ ಇನ್ನೊಂದು ಏಳು. ನಾಲ್ಕನೆಯದರಲ್ಲಿ ಏಳು ಮತ್ತು ಎರಡು, ಇಡೀ ಕಟ್ಟಿನಲ್ಲಿ ಅದಕ್ಕಿಂತ ದರಿದ್ರ ಕೈ ಇಲ್ಲ.

ಅನುಭವಿ ಮೊದಲು ನಾಲ್ಕನೆಯದನ್ನು ಬಿಸಾಡುತ್ತಾನೆ, ಒಂದು ಸೆಕೆಂಡ್. ಎರಡನೆಯದರಲ್ಲಿ ಆಲ್-ಇನ್, ಇನ್ನೊಂದು ಸೆಕೆಂಡ್. ಹತ್ತು ಪಟ್ಟಿಗಿಂತ ಕಡಿಮೆ ಚಿಪ್ಸ್ ಇದ್ದಾಗ ತಳ್ಳುವುದೋ ಬಿಡುವುದೋ ಎಂಬ ಎರಡೇ ದಾರಿ. ಅದರ ಕೋಷ್ಟಕವನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡಿರಬೇಕು. ಮೂರನೆಯದು ಎಷ್ಟು ಸಿಹಿಯಾಗಿದ್ದರೂ ಪ್ರಶ್ನೆ ಸುಲಭ, ಚಿಪ್ಸ್ ಹಾಕಿ ಮುಂದೆ ಹೋಗುವುದು. ಉಳಿದ ಹೊತ್ತನ್ನೆಲ್ಲ, ಕೂಡಿಟ್ಟ ಹೆಚ್ಚುವರಿ ಸೆಕೆಂಡುಗಳನ್ನೂ ಸೇರಿಸಿ, ಮೊದಲನೆಯದಕ್ಕೆ ಕೊಡಬೇಕು. ಹೆಚ್ಚಿನವರು ಮಾಡುವುದು ತಿರುಗಾಮುರುಗ. ಮೂರು ಏಳು ಕಂಡ ಸಂಭ್ರಮದಲ್ಲಿ ಕಣ್ಣು ಅಲ್ಲೇ ನೆಡುತ್ತದೆ, ಇಡೀ ಟೂರ್ನಿ ನಿಂತಿರುವ ರಾಜ-ಹತ್ತನ್ನು ಕೊನೆಯ ಸೆಕೆಂಡಿನಲ್ಲಿ ಅಂದಾಜಿನ ಮೇಲೆ ಒತ್ತುತ್ತಾರೆ.

ಆ ರಾಜ-ಹತ್ತನ್ನು ಏನು ಮಾಡಬೇಕು? ನಿಮ್ಮ ಕೈ ನೋಡಿ ಹೇಳಲು ಬರುವುದಿಲ್ಲ. ಆ ದೊಡ್ಡ ಕುಳ ಕಳೆದ ಹತ್ತು ನಿಮಿಷದಿಂದ ಪ್ರತಿ ಸಲವೂ ಹೀಗೇ ತಳ್ಳುತ್ತಿದ್ದಾನೆಯೇ ಅಥವಾ ಇದೇ ಮೊದಲೇ ಎಂದು ಗೊತ್ತಿರಬೇಕು. ಬೇರೆ ಟೇಬಲ್‌ಗಳಲ್ಲಿ ಒಂದೆರಡು ಪಟ್ಟಿನ ಪುಡಿ ಚಿಪ್ಸ್ ಹಿಡಿದು ಉಸಿರು ಬಿಗಿಹಿಡಿದವರು ಯಾರಾದರೂ ಇದ್ದಾರೆಯೇ ಎಂದು ಉಳಿದವರ ಪಟ್ಟಿ ತೆರೆದು ನೋಡಬೇಕು. ಇದ್ದರೆ ಅವರು ಇನ್ನು ಎರಡು ಕೈಯಲ್ಲಿ ಹೊರಬೀಳುತ್ತಾರೆ, ನೀವು ಸುಮ್ಮನಿದ್ದರೂ ಬಹುಮಾನ ಬರುತ್ತದೆ, ಬಿಡುವುದೇ ಲೇಸು. ಯಾರೂ ಇಲ್ಲ, ಅವನೂ ಸಿಕ್ಕಸಿಕ್ಕ ಎಲೆಗೆ ತಳ್ಳುವವನು ಎಂದಾದರೆ ಎದುರಿಸಬಹುದು. ಆ ಪಟ್ಟಿ ತೆರೆದು ಓದಲು ಹತ್ತು ಸೆಕೆಂಡ್ ಬೇಕು. ಎಂಟು ಟೇಬಲ್‌ನವನ ಬಳಿ ಇಲ್ಲದಿರುವುದು ಆ ಹತ್ತು ಸೆಕೆಂಡ್.

ಟೇಬಲ್ ಹೆಚ್ಚಿದಾಗ ನಮ್ಮ ಕಣ್ಣಿಂದ ತಪ್ಪಿಹೋಗುವುದು ಎದುರಿನವರು. ನಮ್ಮ ಎಲೆ ಪರದೆಯ ಮೇಲೆಯೇ ಇರುತ್ತದೆ, ಚಿಪ್ಸ್ ಎಷ್ಟಿದೆ ಎಂದು ಬರೆದೇ ಇರುತ್ತದೆ. ಆದರೆ ಮೂಲೆಯಲ್ಲಿ ಕುಳಿತವನು ಸೋತ ಸಿಟ್ಟಿನಲ್ಲಿ ಆಡುತ್ತಿದ್ದಾನೆ ಎಂಬುದು ಎಲ್ಲೂ ಬರೆದಿರುವುದಿಲ್ಲ. ಮನುಷ್ಯ ಒಂದೇ ಹೊತ್ತಿಗೆ ಮನಸ್ಸಿನಲ್ಲಿ ಹಿಡಿದಿಡಬಲ್ಲದ್ದು ಸುಮಾರು ನಾಲ್ಕು ಸಂಗತಿ ಎಂದು ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ 2001ರಲ್ಲಿ ವಾದಿಸಿದರು. ಒಂದೊಂದು ಟೇಬಲ್‌ನಲ್ಲೂ ಎಂಟು ಎದುರಾಳಿಗಳು, ಎಂಟು ಟೇಬಲ್. 64 ಮುಖವಿಲ್ಲದ ಹೆಸರುಗಳು. ಇದಕ್ಕೆ ಮದ್ದೆಂದು ಎದುರಾಳಿಯ ಹಳೆಯ ಅಂಕಿಅಂಶವನ್ನು ಅವನ ಹೆಸರಿನ ಪಕ್ಕ ತೋರಿಸುವ ತಂತ್ರಾಂಶಗಳಿವೆ: ನೂರರಲ್ಲಿ ಎಷ್ಟು ಕೈ ಆಡುತ್ತಾನೆ, ಎಷ್ಟು ಸಲ ಏರಿಸುತ್ತಾನೆ ಇತ್ಯಾದಿ. ಹಲವು ತಾಣಗಳು ಅವನ್ನು ನಿಷೇಧಿಸಿವೆ. ಒಪ್ಪಿದ ಕಡೆಯೂ, ಹದಿನೈದು ಕೈ ನೋಡಿ ತೆಗೆದ ಶೇಕಡಾವಾರನ್ನು ಎಷ್ಟು ನಂಬಬೇಕು ಎಂದು ನಿಮಗೆ ನಾನು ಹೇಳಬೇಕಿಲ್ಲ.

ಇಲ್ಲಿ ಒಂದು ದಾಖಲೆಯ ಕತೆ ಹೇಳಲೇಬೇಕು. ರ್‍ಯಾಂಡಿ ಲ್ಯೂ ಎಂಬ ಅಮೆರಿಕದ ಆಟಗಾರ 2012ರ ಜನವರಿಯಲ್ಲಿ ಬಹಾಮಾಸ್‌ನಲ್ಲಿ ಕುಳಿತು ಎಂಟು ಗಂಟೆಯಲ್ಲಿ 23,493 ಕೈ ಆಡಿ ಗಿನ್ನೆಸ್ ದಾಖಲೆ ಮಾಡಿದ. ಒಟ್ಟಿಗೆ 40 ಟೇಬಲ್. ನಿಮಿಷಕ್ಕೆ 49 ಕೈ. ಕೊನೆಗೆ ಲಾಭದಲ್ಲಿರಬೇಕು ಎಂಬುದು ಷರತ್ತು. ಇದ್ದ, ಲಾಭ ಎಂಟು ಡಾಲರ್‌ಗಿಂತ ಕಡಿಮೆ. ಯೂಟ್ಯೂಬ್‌ನಲ್ಲಿ ಪಾಠ ಹೇಳುವ ಮಹನೀಯರು ನಲವತ್ತು ಟೇಬಲ್ ಎಂದು ಹೇಳುತ್ತಾರೆ, ಎಂಟು ಡಾಲರ್ ಹೇಳುವುದಿಲ್ಲ. ಇನ್ನೂ ಒಂದನ್ನು ಬಿಡುತ್ತಾರೆ: ಅವು ಟೂರ್ನಿಗಳಲ್ಲ, ಕ್ಯಾಶ್ ಟೇಬಲ್‌ಗಳು. ಅಲ್ಲಿ ಬ್ಲೈಂಡ್ ಏರುವುದಿಲ್ಲ, ಬಬಲ್ ಬರುವುದಿಲ್ಲ, ಬೆಳಗಿನ ಟೇಬಲ್‌ಗೂ ಸಂಜೆಯ ಟೇಬಲ್‌ಗೂ ಒಂದೇ ತೂಕ. ನಲವತ್ತು ಸಾಧ್ಯವಾದದ್ದು ಅದರಿಂದ.

ಈಗ ದುಡ್ಡಿನ ಲೆಕ್ಕ. ಅಂಕಿಗಳು ನಾನು ಊಹಿಸಿಕೊಂಡವು, ತರ್ಕ ಮಾತ್ರ ನೋಡಿ. ನಾಲ್ಕು ಟೇಬಲ್ ಆಡುವಾಗ ಒಬ್ಬ ಒಳ್ಳೆಯ ಆಟಗಾರ 1000 ರೂಪಾಯಿಯ ಟೂರ್ನಿಗೆ ಸರಾಸರಿ 200 ಗಳಿಸುತ್ತಾನೆ ಎನ್ನೋಣ. ರಾತ್ರಿಗೆ 800. ಎಂಟು ಟೇಬಲ್‌ಗೆ ಏರಿಸಿದ, ಗಮನ ತೆಳುವಾಗಿ ಸರಾಸರಿ 120ಕ್ಕೆ ಇಳಿಯಿತು. ರಾತ್ರಿಗೆ 960. ಹೆಚ್ಚಾಯಿತಲ್ಲ ಎಂದು ಅವನು ಖುಷಿಪಡುತ್ತಾನೆ. ಆದರೆ ಹೊಸ ನಾಲ್ಕು ಟೇಬಲ್‌ಗೆ ಹಾಕಿದ 4000 ರೂಪಾಯಿ ತಂದದ್ದು 160 ಮಾತ್ರ. ಹದಿನಾರಕ್ಕೆ ಏರಿಸಿದ, ಸರಾಸರಿ 40ಕ್ಕೆ ಬಿತ್ತು ಎಂದರೆ ರಾತ್ರಿಗೆ 640; ನಾಲ್ಕೇ ಆಡುತ್ತಿದ್ದಾಗಿನದಕ್ಕಿಂತ ಕಡಿಮೆ, ಪಣಕ್ಕಿಟ್ಟದ್ದು ನಾಲ್ಕು ಪಟ್ಟು. ಎಲ್ಲೋ ಒಂದು ತುದಿ ಇದೆ, ಅಲ್ಲಿಂದ ಮುಂದೆ ಇಳಿಜಾರು. ಆ ತುದಿ ಎಲ್ಲಿದೆ ಎಂದು ಒಂದು ತಿಂಗಳ ಫಲಿತಾಂಶ ನೋಡಿ ಯಾರಿಗೂ ತಿಳಿಯುವುದಿಲ್ಲ, ಅದೃಷ್ಟದ ಗದ್ದಲ ಅಷ್ಟಿರುತ್ತದೆ.

ಆ ಗದ್ದಲ ಎಷ್ಟೆಂದು ನೋಡೋಣ. ಒಳ್ಳೆಯ ಆಟಗಾರನೊಬ್ಬ ನೂರರಲ್ಲಿ 18 ಟೂರ್ನಿಯಲ್ಲಿ ಬಹುಮಾನದೊಳಗೆ ಬರುತ್ತಾನೆ ಎಂದಿಟ್ಟುಕೊಂಡರೆ, ಒಂದೇ ಟೂರ್ನಿ ಆಡಿದ ರಾತ್ರಿ ಬರಿಗೈಯಲ್ಲಿ ಏಳುವ ಸಂಭವ ನೂರಕ್ಕೆ 82. ನಾಲ್ಕು ಆಡಿದರೆ 45. ಎಂಟು ಆಡಿದರೆ 20. ಹಲವು ಟೂರ್ನಿ ಆಡುವುದರ ಪರವಾಗಿ ಇರುವ ನಿಜವಾದ ವಾದ ಇದು. ಆದರೆ ಬಹುಮಾನದ ಬಾಗಿಲಲ್ಲಿ ಸಿಗುವುದು ಪ್ರವೇಶ ಶುಲ್ಕದ ಒಂದೂವರೆ ಪಟ್ಟೋ ಎರಡು ಪಟ್ಟೋ. ನಿಜವಾದ ದುಡ್ಡು ಮೊದಲ ಮೂರು ಸ್ಥಾನದಲ್ಲಿದೆ. ಸಾವಿರ ಜನರಲ್ಲಿ ಸಾಮಾನ್ಯನಿಗೆ ಅದು ಸಾವಿರಕ್ಕೆ ಮೂರು. ಇವನಿಗೆ ದುಪ್ಪಟ್ಟು, ಆರು ಎನ್ನಿ. ರಾತ್ರಿಗೆ ಎಂಟರಂತೆ ಆಡಿದರೆ ಮೂರು ವಾರಕ್ಕೊಮ್ಮೆ. ಅದು ಸರಾಸರಿ. ಅರವತ್ತು ರಾತ್ರಿ, 480 ಟೂರ್ನಿ ಆಡಿಯೂ ಒಮ್ಮೆಯೂ ಮೊದಲ ಮೂರರೊಳಗೆ ಬರದಿರುವ ಸಂಭವ 0.994ರ 480ನೆಯ ಘಾತ, ನೂರಕ್ಕೆ ಐದೂವರೆ. ಸಾಮಾನ್ಯರಿಗಿಂತ ಎರಡು ಪಟ್ಟು ಚೆನ್ನಾಗಿ ಆಡುವ ಹದಿನೆಂಟು ಮಂದಿಯಲ್ಲಿ ಒಬ್ಬನಿಗೆ ಹೀಗಾಗುತ್ತದೆ. ತನ್ನ ಆಟ ಕೆಟ್ಟಿದೆಯೋ ಗ್ರಹಚಾರ ಕೆಟ್ಟಿದೆಯೋ ಅವನಿಗೆ ಗೊತ್ತಾಗುವ ಬಗೆಯಿಲ್ಲ. ಇನ್ನೊಂದು ತುದಿಯಲ್ಲಿ ಕ್ರಿಸ್ ಮನಿಮೇಕರ್ ಇದ್ದಾನೆ. ಟೆನೆಸಿಯ ಲೆಕ್ಕಿಗ, 86 ಡಾಲರ್‌ನ ಆನ್‌ಲೈನ್ ಟೂರ್ನಿ ಗೆದ್ದು 2003ರ ಪೋಕರ್ ವಿಶ್ವ ಸರಣಿಗೆ ಹೋಗಿ 839 ಮಂದಿಯಲ್ಲಿ ಮೊದಲಿಗನಾದ, 25 ಲಕ್ಷ ಡಾಲರ್ ತಂದ. ಪ್ರಪಂಚದ ಅರ್ಧ ಆಟಗಾರರು ಅವನ ಹೆಸರು ಹೇಳಿಕೊಂಡೇ ಕಂಪ್ಯೂಟರ್ ಮುಂದೆ ಕುಳಿತರು.

ಈ ಲೆಕ್ಕದಲ್ಲಿ ಒಂದು ಮೋಸವಿದೆ, ನಿಮ್ಮಲ್ಲಿ ಯಾರಾದರೂ ಹಿಡಿದಿರಬಹುದು. 0.82ನ್ನು ಎಂಟು ಸಲ ಗುಣಿಸಿದೆನಲ್ಲ, ಅದು ಎಂಟೂ ಟೂರ್ನಿಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂದು ಒಪ್ಪಿಕೊಂಡರೆ ಮಾತ್ರ ಸರಿ. ಎಲೆಗಳ ಮಟ್ಟಿಗೆ ಸಂಬಂಧವಿಲ್ಲ. ಆದರೆ ಎಂಟೂ ಒಂದೇ ಮನೆಯ ಒಂದೇ ತಂತಿಯ ಮೇಲೆ ನಡೆಯುತ್ತಿವೆ. ಜುಲೈ-ಆಗಸ್ಟ್‌ನ ಕಕ್ಕಡದ ಗಾಳಿಮಳೆಯಲ್ಲಿ ತೋಟದ ಅಂಚಿನ ಸಿಲ್ವರ್ ಓಕ್ ಒಂದು ತಂತಿಯ ಮೇಲೆ ಒರಗಿದರೆ ಎಂಟೂ ಕಿಟಕಿ ಒಟ್ಟಿಗೆ ಆರುತ್ತವೆ. ರೂಟರ್‌ಗೆ ಯುಪಿಎಸ್ ಇಟ್ಟಿದ್ದೇನೆ, ಎರಡು ಕಂಪನಿಯ ಸಿಮ್ ಇದೆ ಎನ್ನುತ್ತೀರಿ. ನಮ್ಮ ಕಡೆ ಕರೆಂಟ್ ಹೋದರೆ ಒಂದು ಗಂಟೆಯ ಮಾತಲ್ಲ. ಟವರ್‌ನ ಬ್ಯಾಟರಿ ಮುಗಿದ ಮೇಲೆ ಯಾವ ಸಿಮ್ ಆದರೇನು. ಬೆಂಗಳೂರಿನಲ್ಲಿ ಕುಳಿತು ಆಡುವವನು ಈ ಅಪಾಯವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಸಿದ್ದಾಪುರದಲ್ಲೋ ಶ್ರೀಮಂಗಲದಲ್ಲೋ ಕುಳಿತವನು ಹಿಡಿಯಲೇಬೇಕು.

ಸಂಪರ್ಕ ಕಡಿದರೆ ಟೂರ್ನಿ ನಿಮಗಾಗಿ ಕಾಯುವುದಿಲ್ಲ. ಪ್ರತಿ ಕೈಯೂ ತಾನಾಗಿ ಫೋಲ್ಡ್, ಸರದಿ ಬಂದಾಗ ಬ್ಲೈಂಡ್ ಕಡಿತ. ಎರಡು ಬ್ಲೈಂಡ್ ಮತ್ತು ಆ್ಯಂಟಿ ಎಂಬ ಕಪ್ಪ ಸೇರಿ ಟೇಬಲ್ ಒಂದು ಸುತ್ತು ಬರುವಷ್ಟರಲ್ಲಿ ಎರಡೂವರೆ ಪಟ್ಟು ಹೋಗುತ್ತದೆ. ನೂರು ಪಟ್ಟು ಇದ್ದವನಿಗೆ ಅದು ಗೀರು. ಹತ್ತು ಪಟ್ಟು ಇದ್ದವನು ನಾಲ್ಕು ಸುತ್ತಿಗೆ, ಅಂದರೆ ಅರ್ಧ ಗಂಟೆ ಚಿಲ್ಲರೆಯಲ್ಲಿ, ಏನೂ ಆಡದೆ ಮುಳುಗುತ್ತಾನೆ. ಏಳು ಗಂಟೆಗೆ ಕರೆಂಟ್ ಹೋದರೆ ನಷ್ಟವಿಲ್ಲ, ಒಂಬತ್ತೂವರೆಗೆ ಹೋದರೆ ಸರ್ವನಾಶ. ನಾನು ಮಳೆಗಾಲದ ನಾಲ್ಕು ತಿಂಗಳು ಟರ್ಬೊ ಬಿಟ್ಟು ಬೇರೇನೂ ಆಡುತ್ತಿರಲಿಲ್ಲ, ಅದೂ ಎರಡೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಿಮೆ ಗಳಿಸಿದ್ದಕ್ಕೆ ಬೇಸರವಾಗಲಿಲ್ಲ. ಕಾಫಿಗೆ ಕೊಳೆರೋಗದ ಔಷಧಿ ಹೊಡೆಸುವ ಕೆಲಸ ಹೇಗೂ ಇರುತ್ತಿತ್ತು.

ಎಂಟೂ ಟೇಬಲ್‌ಗಳನ್ನು ಒಟ್ಟಿಗೆ ಕಟ್ಟುವ ಇನ್ನೊಂದು ತಂತಿ ನಿಮ್ಮ ಮನಸ್ಸು. ಎಕ್ಕದ ಜೋಡಿ ಬರುವುದು 221 ಕೈಗೆ ಒಮ್ಮೆ. ಒಂದು ಟೇಬಲ್ ಆಡುವವನಿಗೆ ಮೂರೂವರೆ ಗಂಟೆ ದಾಟಿದ ಮೇಲೆ ಒಮ್ಮೆ ಸಿಗುವ ಹಬ್ಬ. ಎಂಟು ಟೇಬಲ್‌ಗೆ ಗಂಟೆಗೆ ಎರಡು ಸಲ. ಎಕ್ಕದ ಜೋಡಿ ರಾಜನ ಜೋಡಿಯ ಎದುರು ಕೂಡ ನೂರರಲ್ಲಿ 18 ಸಲ ಸೋಲುತ್ತದೆ. ಹೀಗಾಗಿ ಒಂದೇ ರಾತ್ರಿಯಲ್ಲಿ ಇಂಥ ಹೊಟ್ಟೆಯುರಿಯುವ ಸೋಲು ಎರಡು ಮೂರು ಬಿದ್ದರೆ ಆಶ್ಚರ್ಯವಿಲ್ಲ. ಲೆಕ್ಕದಲ್ಲಿ ಅದು ಸಹಜ. ಆಡುವವನಿಗೆ ಮಾತ್ರ ತಾಣದವರು ಎಲೆ ಕಲಸುವುದರಲ್ಲಿ ಮೋಸ ಮಾಡುತ್ತಿದ್ದಾರೆ ಎನ್ನಿಸುತ್ತದೆ. ಒಂದು ಕಿಟಕಿಯಲ್ಲಿ ಸೋತ ಸಿಟ್ಟು ಇನ್ನೊಂದು ಕಿಟಕಿಯಲ್ಲಿ ಆಲ್-ಇನ್ ಆಗುತ್ತದೆ. ಎದುರಿನವನಿಗೆ ನೀವು ಯಾಕೆ ಹಾಗೆ ಮಾಡಿದಿರಿ ಎಂದೇ ಅರ್ಥವಾಗುವುದಿಲ್ಲ, ಚಿಪ್ಸ್ ಬಾಚಿಕೊಳ್ಳುತ್ತಾನೆ.

ತೆರಿಗೆಯ ವಿಷಯ ಹೇಳದಿದ್ದರೆ ಚಿತ್ರ ಪೂರ್ತಿಯಾಗುವುದಿಲ್ಲ. ಆಡಲು ಅವಕಾಶವಿದ್ದ ಕೊನೆಯ ದಿನಗಳಲ್ಲಿ, 2023ರ ಏಪ್ರಿಲ್‌ನಿಂದ ನಿವ್ವಳ ಗೆಲುವಿನ ಮೇಲೆ ಮೂಲದಲ್ಲೇ ನೂರಕ್ಕೆ 30 ಕಡಿತವಿತ್ತು; ಅದೇ ವರ್ಷದ ಅಕ್ಟೋಬರ್ 1ರಿಂದ ಜಮಾ ಮಾಡಿದ ಹಣದ ಮೇಲೆ ನೂರಕ್ಕೆ 28 ಜಿಎಸ್‌ಟಿ ಇತ್ತು. 1000 ರೂಪಾಯಿ ಹಾಕಿದರೆ ಆಟಕ್ಕೆ ಉಳಿಯುತ್ತಿದ್ದುದು 781. ಅದರ ಮೇಲೆ ನೂರಕ್ಕೆ 20 ಗಳಿಸುವ ಜಾಣನೂ 937ಕ್ಕೆ ಬಂದು ನಿಲ್ಲುತ್ತಿದ್ದ. ಗೆದ್ದ ಹಣದಲ್ಲೇ ಮುಂದೆ ಆಡುವವನಿಗೆ ಈ ಹೊಡೆತ ಒಮ್ಮೆ ಮಾತ್ರ. ಸೋತು ಸೋತು ಪ್ರತಿ ವಾರ ಹೊಸದಾಗಿ ಹಾಕುವವನಿಗೆ ಪ್ರತಿ ಸಲ. ಹಲವು ಟೇಬಲ್ ಆಡುವವರಲ್ಲಿ ಎರಡನೆಯ ಬಗೆಯವರೇ ಹೆಚ್ಚು. ಕಾಫಿ ಮಾರಿದ ದುಡ್ಡು ಕೈಗೆ ಬರುವ ಫೆಬ್ರವರಿ, ಮಾರ್ಚ್‌ನಲ್ಲಿ ನಮ್ಮ ಹುಡುಗರು ಯಾವ ಬೆಲೆಯ ಟೇಬಲ್‌ಗೆ ಏರುತ್ತಿದ್ದರು ಎಂದು ನಾನು ಕಣ್ಣಾರೆ ನೋಡಿದ್ದೇನೆ. ಸಾವಿರ ರೂಪಾಯಿಯ ಎಂಟು ಟೂರ್ನಿ ಎಂದರೆ ರಾತ್ರಿಗೆ ಎಂಟು ಸಾವಿರ, ತಿಂಗಳಿಗೆ ಇಪ್ಪತ್ತು ರಾತ್ರಿ ಎಂದರೆ 1 ಲಕ್ಷ 60 ಸಾವಿರ. ಒಂದು ಟೇಬಲ್ ಆಡುವವನು ಕಳೆದುಕೊಳ್ಳಲು ಎಂಟು ತಿಂಗಳು ತೆಗೆದುಕೊಳ್ಳುವ ಹಣ. ಮನೆಯಲ್ಲಿ ಯಾರಾದರೂ ಇದರಿಂದ ಹೊರಬರಲಾಗದೆ ಒದ್ದಾಡುತ್ತಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಮೊಬೈಲ್, ಇಂಟರ್‌ನೆಟ್ ಗೀಳಿಗೆಂದೇ ‘ಶಟ್’ ಎಂಬ ಚಿಕಿತ್ಸಾಲಯವಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಮಾತು ಮುಗಿದ ಮೇಲೆ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ. “ಸರ್, ಎಂಟು ಟೇಬಲ್ ಮನುಷ್ಯನಿಗೆ ಕಷ್ಟ ಎಂದಾದರೆ ಯಂತ್ರಕ್ಕೆ ಆಡಲು ಬಿಡಬಹುದಲ್ಲ?” ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದರು. ಸಾಧ್ಯವಿದೆ, ಅದೇ ತೊಂದರೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಮತ್ತು ಫೇಸ್‌ಬುಕ್‌ನ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಪ್ಲೂರಿಬಸ್ ಎಂಬ ಕಾರ್ಯಕ್ರಮ ಆರು ಮಂದಿಯ ಟೇಬಲ್‌ನಲ್ಲಿ ವೃತ್ತಿಪರರನ್ನೇ ಸೋಲಿಸಿತು. ಅದಕ್ಕೆ ನಿದ್ದೆಯಿಲ್ಲ, ಸಿಟ್ಟಿಲ್ಲ. ಹೀಗಾಗಿಯೇ ಎಲ್ಲ ದೊಡ್ಡ ತಾಣಗಳೂ ಬಾಟ್‌ಗಳನ್ನು ನಿಷೇಧಿಸಿ, ಒಬ್ಬೊಬ್ಬ ಆಟಗಾರ ಉತ್ತರಿಸಲು ತೆಗೆದುಕೊಳ್ಳುವ ಸಮಯದ ಮೇಲೂ ಕಣ್ಣಿಡುತ್ತವೆ. ನಾಲ್ಕು ಟೇಬಲ್ ಒಟ್ಟಿಗೆ ಕರೆದಾಗ ಮನುಷ್ಯ ತಡವರಿಸುತ್ತಾನೆ. ತಡವರಿಸದವನ ಖಾತೆಯನ್ನು ತೆರೆದು ನೋಡುತ್ತಾರೆ.

ಇನ್ನೊಂದು ಪ್ರಶ್ನೆ, ಪುಕ್ಕಟೆ ಚಿಪ್ಸ್‌ನ ಆಟದಲ್ಲಿ ತನಗೆ ಎಷ್ಟು ಟೇಬಲ್ ಸರಿಹೋಗುತ್ತದೆ ಎಂದು ತಿಳಿಯುವುದು ಹೇಗೆ ಎಂಬುದು. ಪುಕ್ಕಟೆ ಆಟದಲ್ಲಿ ಮೊದಲ ಕೈಗೇ ಆಲ್-ಇನ್ ಎನ್ನುವವರು ತುಂಬಿರುತ್ತಾರೆ, ಅದರಿಂದ ಗೆಲುವಿನ ಲೆಕ್ಕ ಇಟ್ಟು ಪ್ರಯೋಜನವಿಲ್ಲ. ಬೇರೊಂದು ಪರೀಕ್ಷೆ ಮಾಡಿ. ಎರಡು ಟೇಬಲ್‌ನಿಂದ ಶುರುಮಾಡಿ, ಟೂರ್ನಿ ಶುರುವಾಗಿ ಎರಡು ಗಂಟೆ ಕಳೆದ ಮೇಲೆ ಪಕ್ಕದಲ್ಲಿ ಕುಳಿತ ಗೆಳೆಯನಿಗೆ ಪರದೆ ಮುಚ್ಚಲು ಹೇಳಿ. ಒಂದೊಂದು ಟೇಬಲ್‌ನಲ್ಲೂ ಕಳೆದ ಸುತ್ತಿನಲ್ಲಿ ಅತಿ ದೊಡ್ಡ ಏರಿಕೆ ಮಾಡಿದವನು ಯಾರು, ಅವನ ಬಳಿ ನಿಮಗಿಂತ ಹೆಚ್ಚು ಚಿಪ್ಸ್ ಇದೆಯೋ ಕಡಿಮೆಯೋ ಎಂದು ಹೇಳಲು ಬಂದರೆ ಮುಂದಿನ ಸಲ ಒಂದು ಟೇಬಲ್ ಸೇರಿಸಿ. ಎಲ್ಲಿ ಹೇಳಲು ಬರುವುದಿಲ್ಲವೋ ಅದಕ್ಕಿಂತ ಒಂದು ಕಡಿಮೆ ನಿಮ್ಮ ಸಂಖ್ಯೆ. ನನ್ನದು ಐದು, ಮಳೆಗಾಲದಲ್ಲಿ, ಆಗಲೇ ಹೇಳಿದೆನಲ್ಲ, ಎರಡು.